ಸ್ನೋಬರ್ಡ್, ಲಾನ್ ಡ್ಯಾಡ್, ಸಾಕರ್ ಮಾಮ್: ಅಮೆರಿಕದ ಬೀದಿಯಲ್ಲಿ ಯಾರು ಯಾರು?

ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳ ಮಟ್ಟಿಗೆಂದು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರ ಕಿವಿಗೆ ಮೊದಲ ವಾರವೇ ಕೆಲವು ವಿಚಿತ್ರ ಮಾತು ಬೀಳುತ್ತವೆ. "ಎದುರುಮನೆಯವರು ಸ್ನೋಬರ್ಡ್ಸ್, ಏಪ್ರಿಲ್ ತನಕ ಬರಲ್ಲ." "ಪಕ್ಕದವರು ಪಕ್ಕಾ ಲಾನ್ ಡ್ಯಾಡ್, ಅವರ ಹುಲ್ಲಿನ ಮೇಲೆ ಕಾಲಿಡಬೇಡಿ ಅಪ್ಪ." "ಶನಿವಾರ ನಾನು ಸಿಗಲ್ಲ ಅಮ್ಮ, ಅವತ್ತು ಪೂರ್ತಿ ಸಾಕರ್ ಮಾಮ್." "ಬಟ್ಟೆ ಹೊರಗೆ ಒಣಹಾಕಬೇಡ, ಎಚ್‌ಒಎಯವರು ಕಾಗದ ಕಳಿಸ್ತಾರೆ."

ಇವೆಲ್ಲ ಬಗೆಬಗೆಯ ಮನುಷ್ಯರಿಗೆ ಅಮೆರಿಕನ್ನರು ತಮಾಷೆಗೆ ಇಟ್ಟುಕೊಂಡಿರುವ ಅಡ್ಡಹೆಸರುಗಳು. ನಮ್ಮಲ್ಲಿ ಊರ ಉಸಾಬರಿ ಹೊತ್ತವರು, ಬಾಯಿಬಡುಕರು, ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಇದ್ದ ಹಾಗೆ. ಆದರೆ ನಮ್ಮ ಅಡ್ಡಹೆಸರುಗಳು ಹೆಚ್ಚಾಗಿ ಸ್ವಭಾವವನ್ನು ಹಿಡಿಯುತ್ತವೆ. ಅವರ ಹೆಸರುಗಳ ಬೆನ್ನಿಗೆ ಸಾಮಾನ್ಯವಾಗಿ ಒಂದು ಏರ್ಪಾಟು ಇರುತ್ತದೆ: ಒಂದು ಕಾನೂನು, ಒಂದು ಹವಾಮಾನ, ಬಸ್ಸಿಲ್ಲದ ಬಡಾವಣೆ, ಆಟದ ವೇಳಾಪಟ್ಟಿ. ಆ ಏರ್ಪಾಟು ತಿಳಿದರೆ ಮನುಷ್ಯ ತಿಳಿಯುತ್ತಾನೆ. ಹಾಗಾಗಿ ಒಬ್ಬೊಬ್ಬರನ್ನೂ ಅವರನ್ನು ಹುಟ್ಟಿಸಿದ ಏರ್ಪಾಟಿನ ಜೊತೆಗೇ ನೋಡೋಣ.

ಹೆಸರು ಹುಟ್ಟುವ ದಾರಿಗಳು

ಈ ಹೆಸರುಗಳು ನಾಲ್ಕೈದು ದಾರಿಯಲ್ಲಿ ಹುಟ್ಟುತ್ತವೆ. ಪ್ರಾಣಿ ಪಕ್ಷಿಯಿಂದ ಬಂದವು ಕೆಲವು: ಚಳಿಗೆ ದಕ್ಷಿಣಕ್ಕೆ ಹಾರುವ ಸ್ನೋಬರ್ಡ್, ಹಳೇ ಸಾಮಾನಿನ ಮಾರಾಟಕ್ಕೆ ಎಲ್ಲರಿಗಿಂತ ಮೊದಲು ಹಾಜರಾಗುವ ಅರ್ಲಿ ಬರ್ಡ್. ಯಂತ್ರದಿಂದ ಬಂದದ್ದು, ಮಕ್ಕಳ ತಲೆಯ ಮೇಲೆಯೇ ಸುತ್ತುವ ಹೆಲಿಕಾಪ್ಟರ್ ಪೇರೆಂಟ್. ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರುಗಳು ಇನ್ನೊಂದು ಗುಂಪು. ಇಬ್ಬರ ಸಂಬಳವಿದ್ದು ಮಕ್ಕಳಿಲ್ಲದ ದಂಪತಿ ಡಿಂಕ್. ಹೊಸ ಕಟ್ಟಡ, ಹೊಸ ರಸ್ತೆ ಎಲ್ಲ ಬೇಕು, ನನ್ನ ಮನೆ ಹಿತ್ತಲಲ್ಲಿ ಮಾತ್ರ ಬೇಡ ಎನ್ನುವವರು ನಿಂಬಿ. ನಗರದಲ್ಲಿ ದುಡಿಯುವ, ಕೈತುಂಬ ಖರ್ಚು ಮಾಡುವ ಯುವ ವೃತ್ತಿಪರ ಯಪ್ಪಿ. 1984ನ್ನು ನ್ಯೂಸ್‌ವೀಕ್ ಪತ್ರಿಕೆ 'ಯಪ್ಪಿಗಳ ವರ್ಷ' ಎಂದೇ ಕರೆದಿತ್ತು.

ಇನ್ನು ಕೆಲವು ಬರೀ ವ್ಯಕ್ತಿಯ ಹೆಸರುಗಳು, ಕ್ಯಾರನ್ ಎಂಬಂತೆ. ಅವನ್ನು ಬಳಸುವಾಗ ಎಚ್ಚರ ಬೇಕು. ಆ ಮಾತಿಗೆ ಆಮೇಲೆ ಬರೋಣ.

ನಿಯಮದ ಕಾವಲುಗಾರರು: ಎಚ್‌ಒಎಯವರು

ಎಚ್‌ಒಎ ಎಂದರೆ ಹೋಮ್‌ಓನರ್ಸ್ ಅಸೋಸಿಯೇಷನ್, ಮನೆ ಮಾಲೀಕರ ಸಂಘ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿಗೆ ಇದು ಹತ್ತಿರದ ಸಂಬಂಧಿ, ಆದರೆ ಇದರ ಕೈ ಇನ್ನೂ ಉದ್ದ. ಬಿಡಿಬಿಡಿಯಾಗಿ ನಿಂತ ಮನೆಗಳ ಬಡಾವಣೆಯಲ್ಲೂ ಸಂಘ ಇರುತ್ತದೆ. ಮನೆ ಕೊಳ್ಳುವಾಗಲೇ ಕ್ರಯಪತ್ರದ ಜೊತೆಗೆ ಒಂದು ನಿಬಂಧನೆ ಪುಸ್ತಕವೂ ಅಂಟಿಕೊಂಡು ಬರುತ್ತದೆ. ಗೋಡೆಗೆ ಯಾವ ಬಣ್ಣ, ಬೇಲಿ ಎಷ್ಟು ಎತ್ತರ, ಕಸದ ಡಬ್ಬಿ ರಸ್ತೆಯಂಚಿನಲ್ಲಿ ಎಷ್ಟು ಹೊತ್ತು ಇರಬಹುದು, ಹಬ್ಬದ ದೀಪ ಯಾವಾಗ ಇಳಿಸಬೇಕು, ಎಲ್ಲವೂ ಅದರಲ್ಲಿ ಇರುತ್ತದೆ. ಓದದೆ ಸಹಿ ಹಾಕಿದ್ದರೂ ಅದು ಮಾಲೀಕರನ್ನು ಕಟ್ಟಿಹಾಕುತ್ತದೆ.

ಸಂಜೆ ನಾಯಿ ಹಿಡಿದು ನಡೆಯುತ್ತಾ ಎಲ್ಲರ ಮನೆ ಮುಂದೆ ಕಣ್ಣಾಡಿಸುವ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳುವ ಹಿರಿಯರನ್ನು ಕಂಡರೆ ಅವರು ಸಂಘದ ಮಂಡಳಿಯಲ್ಲಿ ಇರಬಹುದು. ಈ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ. ಹಾಗಾಗಿ ಬಿಡುವಿರುವವರು, ನಿಯಮದ ಮೇಲೆ ನಿಜವಾದ ನಂಬಿಕೆ ಇರುವವರು ಚುನಾವಣೆಗೆ ನಿಲ್ಲುತ್ತಾರೆ. ಒಂದು ಮನೆ ಹಾಳುಬಿದ್ದಂತೆ ಕಂಡರೆ ಇಡೀ ಬೀದಿಯ ಬೆಲೆ ಇಳಿಯುತ್ತದೆ ಎಂಬ ಅವರ ಆತಂಕ ಸುಳ್ಳೇನಲ್ಲ. ಹೆಚ್ಚಿನ ಅಮೆರಿಕನ್ ಕುಟುಂಬಗಳಿಗೆ ಮನೆಯೇ ಅತಿ ದೊಡ್ಡ ಆಸ್ತಿ.

ಈ ಸ್ವಭಾವದ ಬೇರು ಹಳೆಯದು. ಎರಡನೇ ಮಹಾಯುದ್ಧದ ನಂತರ, 1947ರಿಂದ, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಲೆವಿಟೌನ್ ಎಂಬ ಊರನ್ನು ಅಚ್ಚು ಹಾಕಿದಂತೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆ ಎದ್ದವು. ಬೇಲಿ ಹಾಕುವಂತಿಲ್ಲ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು, ಬಟ್ಟೆ ಒಣಹಾಕುವುದಕ್ಕೂ ಕಟ್ಟುಪಾಡು. ಬಿಳಿಯರಲ್ಲದವರಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಂಥ ಜನಾಂಗದ ಷರತ್ತುಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪು ಕೊಟ್ಟಿತು. ಬಣ್ಣ, ಹುಲ್ಲು, ಬೇಲಿಯ ಷರತ್ತುಗಳು ಉಳಿದುಕೊಂಡವು.

ಕಾಗದ ಬಂದರೆ ಏನಾಗುತ್ತದೆ? ಮೊದಲನೆಯದು ಸೌಮ್ಯವಾದ ನೆನಪೋಲೆ. ಸರಿಪಡಿಸಲು ಹತ್ತು ದಿನವೋ ಮೂವತ್ತು ದಿನವೋ ಗಡುವು ಇರುತ್ತದೆ. ಅದು ಮೀರಿದರೆ ಎರಡನೇ ನೋಟಿಸು, ಮಂಡಳಿಯ ಮುಂದೆ ಹೇಳಿಕೊಳ್ಳಲು ಒಂದು ಅವಕಾಶ, ಆಮೇಲೆ ದಂಡ. ಬಾಕಿ ಬೆಳೆಯುತ್ತಾ ಹೋದರೆ ಮನೆಯ ಮೇಲೆ ಋಣಭಾರ ಬೀಳುತ್ತದೆ, ಮನೆ ಮಾರುವಾಗ ಅದು ಎದ್ದು ಬರುತ್ತದೆ. ಬಹಳ ಜನ ಎಡವುವುದು ಮೊದಲ ಕಾಗದವನ್ನು ಜಾಹೀರಾತು ಎಂದು ತಿಳಿದು ಬುಟ್ಟಿಗೆ ಹಾಕಿದಾಗ. ಇನ್ನೊಂದು ತಪ್ಪು, ಬಣ್ಣ ಬಳಿದ ಮೇಲೆ ಒಪ್ಪಿಗೆ ಕೇಳುವುದು. ಬಣ್ಣದ ಕಂಪನಿ ಕೊಡುವ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆದು ಮೊದಲೇ ಕೊಡಬೇಕು. ಉತ್ತರಕ್ಕೆ ಒಂದು ತಿಂಗಳು ಹಿಡಿದರೂ ಕಾಯಬೇಕು. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ, ಇಮೇಲ್ ಇರಲಿ.

ಸಂಘದ ಮಾತೇ ಕೊನೆಯಲ್ಲ ಎಂಬುದೂ ಗೊತ್ತಿರಬೇಕು. ರಾಷ್ಟ್ರಧ್ವಜ ಹಾರಿಸುವುದನ್ನು ಸಂಘ ತಡೆಯುವಂತಿಲ್ಲ ಎಂದು 2005ರ ಕೇಂದ್ರ ಕಾನೂನಿದೆ. ಒಂದು ಮೀಟರಿನೊಳಗಿನ ಡಿಶ್ ಆಂಟೆನಾಗೂ ಕೇಂದ್ರದ ರಕ್ಷಣೆ ಇದೆ. ನಮ್ಮ ಅಮ್ಮಂದಿರಿಗೆ ಮುಖ್ಯವಾದದ್ದು ಬಟ್ಟೆ ಹಗ್ಗ. ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಹಗ್ಗ ಕಟ್ಟುವುದನ್ನು ಪೂರ್ತಿ ನಿಷೇಧಿಸಲು ಸಂಘಕ್ಕೆ ಅಧಿಕಾರವಿಲ್ಲ. ಎಲ್ಲಿ ಕಟ್ಟಬೇಕು ಎಂದು ಮಾತ್ರ ಹೇಳಬಹುದು. ಉಳಿದ ಕಡೆ ಮನೆ ಹಿಂದಿನ ಡೆಕ್ಕಿನ, ಅಂದರೆ ಹಲಗೆ ಜಗಲಿಯ, ಕಟಕಟೆಗಿಂತ ಕೆಳಗೆ, ಮಡಚುವ ಸ್ಟ್ಯಾಂಡಿನಲ್ಲಿ ಒಣಹಾಕಿದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ರೇಷ್ಮೆ ಸೀರೆಯನ್ನಂತೂ ಡ್ರೈಯರಿಗೆ ಹಾಕಲೇಬೇಡಿ.

ಹುಲ್ಲನ್ನು ಮಗುವಿನಂತೆ ಸಾಕುವ ಲಾನ್ ಡ್ಯಾಡ್

ಬಿಳಿ ಸ್ಪೋರ್ಟ್ಸ್ ಶೂ, ಶೂವಿನ ತುದಿಗೆ ಹಸಿರು ಕಲೆ, ಶನಿವಾರ ಬೆಳಿಗ್ಗೆ ಕಿವಿಗೆ ಮುಚ್ಚಳ ಹಾಕಿಕೊಂಡು ಯಂತ್ರ ತಳ್ಳುವ ಗೃಹಸ್ಥರು ಇವರು. ಅವರು ಮಾಡುವುದು ಬರಿಯ ಹುಲ್ಲು ಕೊಯ್ಯುವ ಕೆಲಸ ಎಂದು ತಿಳಿಯುವುದು ತಪ್ಪು. ಅದೊಂದು ಬೇಸಾಯ. ಬೆಳೆ ಮಾತ್ರ ತಿನ್ನುವಂಥದ್ದಲ್ಲ.

ಮೊದಲು ಗೊತ್ತಿರಬೇಕಾದದ್ದು ಹುಲ್ಲಿನ ಜಾತಿ. ಚಿಕಾಗೊ, ಬಾಸ್ಟನ್ ಕಡೆಯ ತಂಪು ಸೀಮೆಗೆ ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ. ಟೆಕ್ಸಾಸ್, ಜಾರ್ಜಿಯಾದ ಸೆಕೆಗೆ ಬರ್ಮುಡಾ. ತಂಪು ಸೀಮೆಯ ಹುಲ್ಲು ಸುಮಾರು 3 ಅಂಗುಲ ಇರಬೇಕು. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬುದು ಅವರ ಮೂಲಮಂತ್ರ. ಇದಕ್ಕೆ ಕಾರಣವಿದೆ. ಹುಲ್ಲು ಊಟ ತಯಾರಿಸುವುದು ಎಲೆಯಲ್ಲಿ. ಎಲೆಯನ್ನು ಬುಡದ ತನಕ ಬೋಳಿಸಿದರೆ ಬೇರು ಸೊರಗುತ್ತದೆ, ಬರಿದಾದ ನೆಲಕ್ಕೆ ಬಿಸಿಲು ತಾಗಿ ಕಳೆಯ ಬೀಜ ಮೊಳೆಯುತ್ತದೆ. ಮೇ ತಿಂಗಳಲ್ಲಿ ಎರಡು ವಾರ ಊರಿಗೆ ಹೋಗಿ ಬಂದು, ಬೆಳೆದದ್ದನ್ನೆಲ್ಲ ಒಂದೇ ದಿನ ಸಪಾಟು ಮಾಡಿದವರ ಅಂಗಳ ಜುಲೈ ಹೊತ್ತಿಗೆ ಹಳದಿಯಾಗುವುದು ಇದರಿಂದಲೇ.

ನೀರಿನ ಲೆಕ್ಕ ವಾರಕ್ಕೆ ಸುಮಾರು ಒಂದು ಅಂಗುಲ, ಮಳೆಯೂ ಸೇರಿ. ಅಳೆಯಲು ಖಾಲಿ ತಗಡಿನ ಡಬ್ಬಿ ಸಾಕು. ಸ್ಪ್ರಿಂಕ್ಲರ್ ಸುತ್ತುವ ಜಾಗದಲ್ಲಿ ಇಟ್ಟು, ಡಬ್ಬಿಯಲ್ಲಿ ಒಂದು ಅಂಗುಲ ನಿಲ್ಲಲು ಎಷ್ಟು ನಿಮಿಷ ಬೇಕೆಂದು ನೋಡಿಕೊಳ್ಳುತ್ತಾರೆ. ಆ ನೀರನ್ನು ಎರಡು ಕಂತಿನಲ್ಲಿ, ನಸುಕಿನಲ್ಲಿ ಬಿಡುತ್ತಾರೆ. ರಾತ್ರಿ ಬಿಟ್ಟರೆ ಎಲೆ ಬೆಳಗಿನ ತನಕ ಒದ್ದೆಯಿದ್ದು ಬೂಷ್ಟು ಹಿಡಿಯುತ್ತದೆ. ವಸಂತದ ಆರಂಭದಲ್ಲಿ ಮಣ್ಣಿನ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಕಳೆ ಮೊಳೆಯದಂತೆ ತಡೆಯುವ ಹರಳು ಹಾಕುತ್ತಾರೆ. ತಡವಾದರೆ ಹಾಕಿದ್ದು ದಂಡ. ಹೊಸ ಬೀಜ ಬಿತ್ತುವವರು ಆ ಹರಳನ್ನು ಹಾಕುವಂತಿಲ್ಲ, ಅದು ಕಳೆಬೀಜ ಒಳ್ಳೆಬೀಜ ಎಂದು ನೋಡುವುದಿಲ್ಲ. ತಂಪು ಸೀಮೆಯಲ್ಲಿ ಬಿತ್ತನೆಗೆ ಸೆಪ್ಟೆಂಬರ್ ಒಳ್ಳೆಯ ಕಾಲ.

ಕ್ರಿಕೆಟ್ ಮೈದಾನದಂತೆ ಪಟ್ಟೆಪಟ್ಟೆ ಕಾಣುವ ಅಂಗಳ ಲಾನ್ ಡ್ಯಾಡ್‌ಗಳ ಹೆಮ್ಮೆ. ಅದರಲ್ಲಿ ಎರಡು ಬಣ್ಣದ ಹುಲ್ಲಿಲ್ಲ. ಯಂತ್ರದ ಹಿಂದಿನ ರೋಲರ್ ಒಂದು ಸಾಲನ್ನು ಆಚೆಗೆ, ಮುಂದಿನ ಸಾಲನ್ನು ಈಚೆಗೆ ಬಾಗಿಸುತ್ತದೆ. ಆಚೆ ಬಾಗಿದ್ದು ಬೆಳಕನ್ನು ಹೆಚ್ಚು ಹಿಂದಿರುಗಿಸಿ ತಿಳಿಯಾಗಿ ಕಾಣುತ್ತದೆ. ಈ ಕಾರಣಕ್ಕೇ ಹೊಸದಾಗಿ ಕತ್ತರಿಸಿದ ಹುಲ್ಲಿನ ಮೇಲೆ ನಡೆದರೆ ಅವರ ಮುಖ ಸಣ್ಣದಾಗುತ್ತದೆ.

ಚಳಿಗೆ ಹಾರುವ ಸ್ನೋಬರ್ಡ್

ನವೆಂಬರ್ ಹೊತ್ತಿಗೆ ನ್ಯೂಯಾರ್ಕ್, ಮಿಷಿಗನ್, ಒಹಾಯೊ ರಾಜ್ಯಗಳ ನಿವೃತ್ತರು ಕಾರು ತುಂಬಿಕೊಂಡು ದಕ್ಷಿಣಕ್ಕೆ ಹೊರಡುತ್ತಾರೆ. ಪೂರ್ವ ಕರಾವಳಿಯವರಿಗೆ ಇಂಟರ್‌ಸ್ಟೇಟ್ 95, ಮಿಷಿಗನ್ ಒಹಾಯೊದವರಿಗೆ ಇಂಟರ್‌ಸ್ಟೇಟ್ 75. ಎರಡೂ ಹೆದ್ದಾರಿ ಫ್ಲಾರಿಡಾಕ್ಕೆ ಮುಟ್ಟುತ್ತವೆ. ಮತ್ತಷ್ಟು ಪಶ್ಚಿಮದವರು ಅರಿಜೋನಾಕ್ಕೆ ಹೋಗುತ್ತಾರೆ. ಅಲ್ಲಿನ ಕ್ವಾರ್ಟ್ಸೈಟ್ ಎಂಬ ಮರುಭೂಮಿಯ ಸಣ್ಣ ಊರು ಚಳಿಗಾಲದಲ್ಲಿ ಮನೆಯಂಥ ವಾಹನಗಳಿಂದ ತುಂಬಿಹೋಗುತ್ತದೆ.

ಬಿಸಿಲಿಗಾಗಿ ಹೋಗುತ್ತಾರೆ ಎಂಬುದು ಅರ್ಧ ಮಾತು. ಉಳಿದರ್ಧ ತೆರಿಗೆ. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನ್ಯೂಯಾರ್ಕಿನಲ್ಲಿ ಇದೆ. ಫ್ಲಾರಿಡಾದವರು ಎನಿಸಿಕೊಂಡರೆ ಹಣ ಉಳಿಯುತ್ತದೆ. ಆದರೆ ನ್ಯೂಯಾರ್ಕಿನಲ್ಲಿ ವಾಸಕ್ಕೆ ಕಾಯಂ ಮನೆ ಇಟ್ಟುಕೊಂಡು ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಆ ರಾಜ್ಯದಲ್ಲಿ ಕಳೆದರೆ ಅಲ್ಲಿನ ನಿವಾಸಿಯೆಂದೇ ತೆರಿಗೆ ಹಾಕುತ್ತಾರೆ. ದಿನದ ಒಂದು ಭಾಗ ಅಲ್ಲಿದ್ದರೂ ಬಹುಮಟ್ಟಿಗೆ ಪೂರ್ತಿ ದಿನದ ಲೆಕ್ಕ. ಸ್ನೋಬರ್ಡ್‌ಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ, ಪೆಟ್ರೋಲಿನ ರಸೀದಿ ಕೂಡಿಡುತ್ತಾ ಇರುವುದಕ್ಕೆ ಇದೇ ಕಾರಣ. ಫ್ಲಾರಿಡಾದ ಚಾಲನಾ ಪರವಾನಗಿ, ಅಲ್ಲಿನ ಮತದಾರರ ಪಟ್ಟಿ, ಅಲ್ಲಿನ ವೈದ್ಯರು, ಇವೆಲ್ಲ ಪುರಾವೆಯಾಗುತ್ತವೆ. ಪರವಾನಗಿ ಬದಲಿಸಿ, ಬಾಳೆಲ್ಲ ಮೊದಲಿನ ರಾಜ್ಯದಲ್ಲೇ ಬಿಟ್ಟವರು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಬೀಗ ಹಾಕಿದ ಉತ್ತರದ ಮನೆಗೆ ದೊಡ್ಡ ಶತ್ರು ಕಳ್ಳನಲ್ಲ, ನೀರು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪಿನೊಳಗೆ ಹಿಗ್ಗಿದರೆ ಪೈಪು ಸೀಳುತ್ತದೆ, ಕರಗಿದ ದಿನ ಮನೆಯೊಳಗೆ ಕೆರೆ. ಆದ್ದರಿಂದ ಹೊರಡುವ ದಿನ ಮುಖ್ಯ ವಾಲ್ವ್ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪು ಬರಿದುಮಾಡುತ್ತಾರೆ. ಹೀಟರನ್ನು ಪೂರ್ತಿ ಆರಿಸದೆ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಡುತ್ತಾರೆ. ಅಂಚೆಯನ್ನು ಹೊಸ ವಿಳಾಸಕ್ಕೆ ತಿರುಗಿಸಿ, ಹಿಮ ಗುಡಿಸಲು ಒಬ್ಬರಿಗೆ ಹೇಳಿಹೋಗುತ್ತಾರೆ. ಗುಡಿಸದ ಹಾದಿ ಮನೆ ಖಾಲಿಯಿದೆ ಎಂದು ಊರಿಗೆಲ್ಲ ಸಾರುತ್ತದೆ. ಮರೆಯುವ ಸಂಗತಿ ಒಂದೇ, ವಿಮೆ. ಅನೇಕ ವಿಮೆಗಳಲ್ಲಿ ಮನೆ 30 ಅಥವಾ 60 ದಿನ ಸತತ ಖಾಲಿಯಿದ್ದರೆ ಕೆಲವು ನಷ್ಟಕ್ಕೆ ಪರಿಹಾರವಿಲ್ಲ ಎಂಬ ಸಾಲು ಇರುತ್ತದೆ. ಎದುರುಮನೆಯ ಸ್ನೋಬರ್ಡ್ ನಿಮ್ಮ ಮಗಳ ಕೈಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಹೋಗಿಬರಲು ಕೇಳಿದರೆ, ಅದರ ಹಿಂದೆ ಈ ಸಾಲೂ ಇರಬಹುದು.

ಕತ್ತರಿ ಹಿಡಿದವರು: ಕೂಪನರ್

ಅಂಗಡಿಯ ಸಾಲಿನಲ್ಲಿ ದಪ್ಪ ಫೈಲು ಬಿಚ್ಚಿ, ಚೀಟಿಯ ಮೇಲೆ ಚೀಟಿ ಇಡುವ ಮಹಿಳೆಯ ಹಿಂದೆ ನಿಂತರೆ ಹದಿನೈದು ನಿಮಿಷ ಹೋಯಿತೆಂದೇ ಲೆಕ್ಕ. ಅವರ ಗಣಿತ ಮಾತ್ರ ಕಲಿಯುವಂಥದ್ದು. ಕೂಪನ್ ಎರಡು ಬಗೆ. ಒಂದನ್ನು ಸರಕು ತಯಾರಿಸಿದ ಕಂಪನಿ ಕೊಡುತ್ತದೆ, ಇನ್ನೊಂದನ್ನು ಅಂಗಡಿ. ಒಂದು ವಸ್ತುವಿಗೆ ಕಂಪನಿಯದೊಂದು, ಅಂಗಡಿಯದೊಂದು ಸೇರಿಸಲು ಹಲವು ಅಂಗಡಿಗಳು ಬಿಡುತ್ತವೆ. 3 ಡಾಲರಿನ ಟೂತ್‌ಪೇಸ್ಟಿಗೆ ಎರಡೂ ಕಡೆಯಿಂದ ಒಂದೊಂದು ಡಾಲರ್ ಇಳಿದರೆ ಕೊಡಬೇಕಾದದ್ದು 1 ಡಾಲರ್. ಅದೇ ವಾರ ಅಂಗಡಿ ದರ ಇಳಿಸಿದ್ದರೆ ಇನ್ನೂ ಕಡಿಮೆ. ಹಾಗಾಗಿ ಪಳಗಿದವರು ಚೀಟಿ ಸಿಕ್ಕ ದಿನವೇ ಓಡುವುದಿಲ್ಲ, ದರ ಇಳಿಯುವ ವಾರಕ್ಕೆ ಕಾಯುತ್ತಾರೆ.

ಇದರಿಂದ ಅಂಗಡಿಗೆ ನಷ್ಟವಿಲ್ಲ. ಕಂಪನಿಯ ಕೂಪನ್ನನ್ನು ಅಂಗಡಿ ವಾಪಸು ಕಳಿಸಿದರೆ ಅದರ ಮೊತ್ತದ ಜೊತೆಗೆ ಸಾಮಾನ್ಯವಾಗಿ 8 ಸೆಂಟ್ ನಿರ್ವಹಣಾ ಕೂಲಿಯೂ ಸಿಗುತ್ತದೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಮಾರಾಟ ತೆರಿಗೆಯ ಲೆಕ್ಕ ಎರಡಕ್ಕೂ ಬೇರೆಯಾಗಿರುವುದು ಇದರಿಂದಲೇ. ಅಂಗಡಿಯ ಕೂಪನ್ ಕಳೆದು ಉಳಿದದ್ದಕ್ಕೆ ತೆರಿಗೆ. ಕಂಪನಿಯ ಕೂಪನ್ ಕಳೆಯುವ ಮೊದಲಿನ ಮೊತ್ತಕ್ಕೆ ತೆರಿಗೆ, ಏಕೆಂದರೆ ಆ ಹಣ ಅಂಗಡಿಗೆ ಬಂದೇ ಬರುತ್ತದೆ.

ಎಡವುವ ಜಾಗ ಸಣ್ಣ ಅಕ್ಷರದಲ್ಲಿರುತ್ತದೆ. 'ಒಂದು ಖರೀದಿಗೆ ಒಂದು' ಎಂದರೆ ಒಂದು ವಸ್ತುವಿಗೆ ಒಂದು ಚೀಟಿ. ಹತ್ತು ಕೊಂಡರೆ ಹತ್ತು ಚೀಟಿ ಸಲ್ಲುತ್ತದೆ. 'ಒಂದು ವ್ಯವಹಾರಕ್ಕೆ ಒಂದು' ಎಂದಿದ್ದರೆ ಇಡೀ ಬಿಲ್ಲಿಗೆ ಒಂದೇ. ಜಾಹೀರಾತು ಮಾಡಿದ ಸರಕು ಖಾಲಿಯಾಗಿದ್ದರೆ ರೇನ್ ಚೆಕ್ ಕೇಳಿ. ಅದೇ ದರಕ್ಕೆ ಮುಂದೆ ಕೊಡುತ್ತೇವೆ ಎಂಬ ಚೀಟಿ ಅದು. ಹಲವು ಅಂಗಡಿಗಳು ಕೊಡುತ್ತವೆ, ಕೇಳಿದರೆ ಮಾತ್ರ.

ಸಾಕರ್ ಮಾಮ್, ಹೆಲಿಕಾಪ್ಟರ್ ಅಪ್ಪ

1996ರಲ್ಲಿ ಬಿಲ್ ಕ್ಲಿಂಟನ್ ಮತ್ತು ಬಾಬ್ ಡೋಲ್ ಅಧ್ಯಕ್ಷ ಪದವಿಗೆ ಸೆಣಸಿದಾಗ ಪತ್ರಕರ್ತರು ಒಂದು ಬಗೆಯ ಮತದಾರರನ್ನು ಗುರುತಿಸಿದರು: ಬಡಾವಣೆಯಲ್ಲಿ ವಾಸಿಸುವ, ಮಕ್ಕಳನ್ನು ಫುಟ್‌ಬಾಲ್ ಆಟಕ್ಕೆ ಕರೆದೊಯ್ಯುವ ತಾಯಿ. ಅಮೆರಿಕನ್ನರು ನಮ್ಮ ಫುಟ್‌ಬಾಲಿಗೆ ಸಾಕರ್ ಎನ್ನುತ್ತಾರೆ. ಆ ವರ್ಷದ ಪದವಾಗಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ ಆರಿಸಿದ್ದು, ಸಾಕರ್ ಮಾಮ್‌ನಲ್ಲಿರುವ 'ಮಾಮ್' ಪದವನ್ನೇ.

ಈಕೆಯನ್ನು ಹುಟ್ಟಿಸಿದ್ದು ಬಸ್ಸಿಲ್ಲದ ಬಡಾವಣೆ. ಮಧ್ಯಾಹ್ನ ಮೂರರ ಆಸುಪಾಸಿಗೆ ಶಾಲೆ ಬಿಡುತ್ತದೆ, ಮೈದಾನ ಎಷ್ಟೋ ಮೈಲಿ ದೂರ, ಮಗು ಸೈಕಲ್ಲಿನಲ್ಲಿ ಹೋಗಲಾಗದ ಹೆದ್ದಾರಿ ನಡುವೆ. ಪಾಲಕರು ಸರದಿ ಹಾಕಿಕೊಂಡು ಒಬ್ಬರ ಕಾರಿನಲ್ಲಿ ನಾಲ್ಕು ಮಕ್ಕಳನ್ನು ಸಾಗಿಸುತ್ತಾರೆ. ಮಕ್ಕಳಿಗೆ ಬೇಕಾದ ಎತ್ತರಿಸುವ ಸೀಟು ಇಲ್ಲದೆ ಇನ್ನೊಬ್ಬರ ಮಗುವನ್ನು ಕೂರಿಸುವಂತಿಲ್ಲ. 4 ಅಡಿ 9 ಅಂಗುಲ ಎತ್ತರ ಬರುವ ತನಕ ಅದು ಇರಲಿ ಎಂಬುದು ಸಾಮಾನ್ಯ ಸಲಹೆ, ಕಾನೂನು ರಾಜ್ಯಕ್ಕೊಂದು ಬಗೆ. ತಿಂಡಿಯ ಸರದಿ ಮಗಳದ್ದಾಗಿ ಅಜ್ಜಿ ಕೋಡುಬಳೆ ಮಾಡಿಕೊಟ್ಟರೆ ಮಕ್ಕಳು ಮುಗಿಬೀಳಬಹುದು. ಕಡಲೆಕಾಯಿ, ಗೋಡಂಬಿ ಹಾಕಿದ್ದನ್ನು ಮಾತ್ರ ಕಳಿಸಬೇಡಿ. ಕೆಲವು ಮಕ್ಕಳಿಗೆ ಅದರ ಅಲರ್ಜಿ ಪ್ರಾಣಕ್ಕೇ ಬರುತ್ತದೆ.

ಹೆಲಿಕಾಪ್ಟರ್ ಪೇರೆಂಟ್ ಎಂದರೆ ಮಗನ ಪ್ರಾಧ್ಯಾಪಕರಿಗೆ ತಾವೇ ಇಮೇಲ್ ಬರೆಯುವವರು. ಈ ಬಗೆಗೆ ಕಾನೂನೇ ಅಡ್ಡ ನಿಂತಿದೆ. 1974ರ ಫೆರ್ಪಾ ಕಾಯ್ದೆಯಂತೆ ವಿದ್ಯಾರ್ಥಿಗೆ 18 ತುಂಬಿದರೆ ಅಥವಾ ಕಾಲೇಜಿಗೆ ಸೇರಿದರೆ ಅಂಕಪಟ್ಟಿಯ ಮೇಲಿನ ಹಕ್ಕು ವಿದ್ಯಾರ್ಥಿಯದು. ಹುಬ್ಬಳ್ಳಿಯಲ್ಲಿ ಕೂತು ಲಕ್ಷಗಟ್ಟಲೆ ಫೀಸು ಕಟ್ಟಿದ ಅಪ್ಪನಿಗೂ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಆಸ್ಪತ್ರೆಯೂ ಹಾಗೆಯೇ. ಮಗ ಮಗಳು ವಿಮಾನ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಸೇರಿದ ಕೂಡಲೇ ಮಾಹಿತಿ ಹಂಚಿಕೆಯ ಒಪ್ಪಿಗೆಗೂ, ವೈದ್ಯಕೀಯ ಮಾಹಿತಿಗೂ ಬೇರೆ ಬೇರೆ ಫಾರಂ ತುಂಬಿಸಿಡಿ. ಕಾಯಿಲೆ ಬಿದ್ದ ದಿನ ಫಾರಂ ಹುಡುಕಲು ಆಗುವುದಿಲ್ಲ.

ಡಿಕ್ಕಿ ತೆರೆದು ಹಬ್ಬ ಮಾಡುವವರು

ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಮೂರ್ನಾಲ್ಕು ಗಂಟೆ ಮೊದಲೇ ಬಂದು, ಪಾರ್ಕಿಂಗ್ ಜಾಗದಲ್ಲಿ ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿ, ಇದ್ದಿಲ ಒಲೆ ಹಚ್ಚುವವರು ಟೇಲ್‌ಗೇಟರ್‌ಗಳು. ಆ ಹಿಂಬಾಗಿಲ ಹೆಸರೇ ಟೇಲ್‌ಗೇಟ್. ಟಿಕೆಟ್ ಇಲ್ಲದೆ ಬರಿಯ ಊಟಕ್ಕೆ ಬರುವವರೂ ಇದ್ದಾರೆ. ವಾರದ ವೇಳಾಪಟ್ಟಿ ನೆನಪಿಡಲು ಸುಲಭ: ಶುಕ್ರವಾರ ಸಂಜೆ ಹೈಸ್ಕೂಲು, ಶನಿವಾರ ಕಾಲೇಜು, ಭಾನುವಾರ ವೃತ್ತಿಪರ ತಂಡಗಳು. 1961ರ ಒಂದು ಕೇಂದ್ರ ಕಾಯ್ದೆ ಈ ಹಂಚಿಕೆಯನ್ನು ಕಾಯುತ್ತದೆ. ಶಾಲೆ ಕಾಲೇಜುಗಳ ಆಟಕ್ಕೆ ಜನ ತಪ್ಪಬಾರದೆಂದು, ಅವುಗಳ ಋತುವಿನಲ್ಲಿ ಶುಕ್ರವಾರ ಸಂಜೆ ಮತ್ತು ಶನಿವಾರ ವೃತ್ತಿಪರ ಪಂದ್ಯ ಪ್ರಸಾರಕ್ಕೆ ಅದು ಅಡ್ಡಿಯಾಗಿ ನಿಂತಿದೆ. ಭಾನುವಾರದ ಆಟ ನೋಡಿ, ಮರುದಿನ ಆಫೀಸಿನಲ್ಲಿ "ಅಲ್ಲಿ ಚೆಂಡು ಎಸೆಯಲೇಬಾರದಿತ್ತು" ಎಂದು ತೀರ್ಪು ಕೊಡುವವರು ಮಂಡೇ ಮಾರ್ನಿಂಗ್ ಕ್ವಾರ್ಟರ್‌ಬ್ಯಾಕ್. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಆಟಗಾರ. ನಮ್ಮ ಕ್ರಿಕೆಟ್ ಪಂಡಿತರ ಸ್ವಂತ ತಮ್ಮಂದಿರು.

ಕಾಯುವ ಹೊತ್ತಿಗೆ ಕಾರ್ನ್‌ಹೋಲ್ ಆಡುತ್ತಾರೆ. 4 ಅಡಿ ಉದ್ದ, 2 ಅಡಿ ಅಗಲದ ಎರಡು ಓರೆ ಹಲಗೆ, ಪ್ರತಿಯೊಂದರ ಮೇಲ್ತುದಿಗೆ 6 ಅಂಗುಲದ ತೂತು. ಹಲಗೆಗಳ ನಡುವೆ 27 ಅಡಿ. ಸುಮಾರು ಅರ್ಧ ಕೆಜಿಯ ಚೀಲ ತೂತಿಗೆ ಬಿದ್ದರೆ 3 ಅಂಕ, ಹಲಗೆ ಮೇಲೆ ನಿಂತರೆ 1. ಎರಡೂ ಕಡೆಯ ಅಂಕ ಒಂದರಲ್ಲೊಂದು ಕಳೆದು ಉಳಿದದ್ದು ಗೆದ್ದವರಿಗೆ, 21ಕ್ಕೆ ಆಟ ಮುಗಿಯಿತು. ಲಗೋರಿ ಆಡಿದ ಕೈಗೆ ಇದು ಬೇಗ ಒಲಿಯುತ್ತದೆ. ಸಸ್ಯಾಹಾರಿಗಳು ಸಂಕೋಚ ಬಿಟ್ಟು ಒಂದು ಹಾಳೆ ಅಲ್ಯೂಮಿನಿಯಂ ಫಾಯಿಲ್ ಕೇಳಿ. ಅದರ ಮೇಲೆ ಜೋಳದ ತೆನೆ, ದಪ್ಪಮೆಣಸು ಬೇರೆಯಾಗಿ ಸುಡಬಹುದು.

ಚಂಡಮಾರುತಕ್ಕೆ ಕಾದಿರುವ ಪ್ರೆಪ್ಪರ್

ನೆಲಮಾಳಿಗೆಯಲ್ಲಿ ಅಕ್ಕಿ, ಬೇಳೆ, ನೀರಿನ ಡ್ರಮ್ಮು ತುಂಬಿಟ್ಟವರನ್ನು ನೋಡಿ ನಗುವವರಿದ್ದಾರೆ. ಅಮೆರಿಕದ ಸರ್ಕಾರವೇ ಪ್ರತಿಯೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರನ್ನು ಹಲವು ದಿನಕ್ಕಾಗುವಷ್ಟು ಇಟ್ಟುಕೊಳ್ಳಲು ಹೇಳುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿ ಲಕ್ಷಾಂತರ ಮನೆಗಳಲ್ಲಿ ವಿದ್ಯುತ್ ಹೋದಾಗ ಈ ಮಾತಿನ ತೂಕ ತಿಳಿಯಿತು. ಇವರಲ್ಲಿ ಜಾಣರು ಹಳೆಯದನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಇಟ್ಟು ತಿನ್ನುತ್ತಾ ಹೋಗುತ್ತಾರೆ. ಮನೆಯವರು ತಿನ್ನದ ಡಬ್ಬಿ ಕೂಡಿಟ್ಟರೆ ಹತ್ತು ವರ್ಷಕ್ಕೆ ಎಸೆಯುವುದೇ ಕೆಲಸ. ಜನರೇಟರ್ ಮಾತ್ರ ಗ್ಯಾರೇಜಿನೊಳಗೆ ಎಂದಿಗೂ ಬೇಡ. ಕಿಟಕಿ ಬಾಗಿಲಿಂದ 20 ಅಡಿಯಾದರೂ ದೂರವಿರಲಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಬಾಯಿಗೆ ಬರಬಾರದ ಹೆಸರು

ಕ್ಯಾರನ್ ಎಂದರೆ ಸಣ್ಣ ವಿಷಯಕ್ಕೆ "ಮ್ಯಾನೇಜರನ್ನು ಕರೆಯಿರಿ" ಎನ್ನುವ, ತನ್ನ ಮಾತು ನಡೆಯಲೇಬೇಕೆನ್ನುವ ನಡುವಯಸ್ಸಿನ ಬಿಳಿಯ ಮಹಿಳೆ ಎಂಬುದು ಬಳಕೆ. ಈ ಹೆಸರೇ ಏಕೆ? 1965ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಕ್ಯಾರನ್ ಮೂರನೇ ಸ್ಥಾನದಲ್ಲಿತ್ತು. ಆ ಪೀಳಿಗೆಗೆ ಒಂದು ಹೆಸರು ಬೇಕಾದಾಗ ಅದು ಕೈಗೆ ಸಿಕ್ಕಿತು. ನಗೆಯ ಮಾತು 2020ರಲ್ಲಿ ಗಂಭೀರವಾಯಿತು. ತಪ್ಪು ಮಾಡದ ಕಪ್ಪುಜನರ ಮೇಲೆ ಪೊಲೀಸರನ್ನು ಕರೆಯುವವರಿಗೂ ಅದೇ ಹೆಸರು ಅಂಟಿತು. ಜನಾಂಗ ದ್ವೇಷದಿಂದ ಸುಳ್ಳು ತುರ್ತುಕರೆ ಮಾಡುವುದರ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೊ ನಗರ ಅದೇ ವರ್ಷ ತಂದ ಕಾನೂನಿನ ಸಂಕ್ಷಿಪ್ತ ರೂಪವೂ ಕ್ಯಾರನ್ ಎಂದೇ ಓದಿಸಿಕೊಳ್ಳುತ್ತದೆ.

ಇಷ್ಟು ಭಾರ ಹೊತ್ತ ಹೆಸರನ್ನು ಯಾರ ಮುಖಕ್ಕೂ ಹೇಳಬಾರದು. ನಿಜವಾಗಿಯೂ ಆ ಹೆಸರಿನ ಸಾವಿರಾರು ಸಜ್ಜನ ಹೆಂಗಸರು ಇದ್ದಾರೆ. ಸ್ನೋಬರ್ಡ್, ಟೇಲ್‌ಗೇಟರ್ ಎಂದು ಜನ ತಮ್ಮನ್ನು ತಾವೇ ನಗುತ್ತಾ ಕರೆದುಕೊಳ್ಳುತ್ತಾರೆ, ನೀವೂ ಕರೆಯಬಹುದು. ಹೆಲಿಕಾಪ್ಟರ್, ನಿಂಬಿ ಎಂಬುವು ಬೈಗುಳದ ಅಂಚಿನವು. ಅವರೇ ಹೇಳಿಕೊಂಡರೆ ನಕ್ಕುಬಿಡಿ, ನೀವಾಗಿ ಹೇಳಬೇಡಿ.

ಹೊರಟೂ ಹೊರಡದವರು

ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಮಿಡ್‌ವೆಸ್ಟ್ ಜನ ನಮಗೆ ಬೇಗ ಹತ್ತಿರವಾಗುತ್ತಾರೆ. ಬೀಳ್ಕೊಡುವುದರಲ್ಲಿ ಅವರು ನಮ್ಮವರೇ. ಅದಕ್ಕೆ ಮಿಡ್‌ವೆಸ್ಟ್ ಗುಡ್‌ಬೈ ಎಂದೇ ಹೆಸರು. ಅತಿಥಿ ಎರಡೂ ತೊಡೆಗೆ ಅಂಗೈ ತಟ್ಟಿ "ವೆಲ್ಪ್" ಎನ್ನುತ್ತಾರೆ. 'ಸರಿ, ಇನ್ನು ಹೊರಡೋಣ' ಎಂದು ಅರ್ಥ. ಯಾರೂ ಏಳುವುದಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಕೋಟು ಹಾಕಿಕೊಂಡು ಬಾಗಿಲ ಬಳಿ ಎರಡನೇ ಸುತ್ತಿನ ಮಾತು. ಅಷ್ಟರಲ್ಲಿ ಮನೆಯಾಕೆ ಉಳಿದ ಅಡುಗೆಯನ್ನು ಡಬ್ಬಿಗೆ ತುಂಬಿ ತರುತ್ತಾರೆ. ಬೇಡ ಎಂದರೂ ಬಿಡುವುದಿಲ್ಲ. ಮೂರನೇ ಸುತ್ತು ಅಂಗಳದಲ್ಲಿ, ನಾಲ್ಕನೆಯದು ಇಳಿಸಿದ ಕಾರಿನ ಗಾಜಿನ ಮೂಲಕ. "ಜಿಂಕೆ ಅಡ್ಡ ಬರ್ತಾವೆ, ನೋಡಿಕೊಂಡು ಹೋಗಿ" ಎಂಬ ಮಾತು ಬಂತೆಂದರೆ ಬೀಳ್ಕೊಡುಗೆ ಮುಗಿಯಿತೆಂದು ಲೆಕ್ಕ. ಅಲ್ಲಿನ ರಸ್ತೆಗೆ, ಅದರಲ್ಲೂ ನವೆಂಬರಿನ ಮುಸ್ಸಂಜೆಗೆ, ಜಿಂಕೆಗಳು ನಿಜವಾಗಿಯೂ ನುಗ್ಗುತ್ತವೆ. ಕಾರು ತಿರುವು ದಾಟುವ ತನಕ ಅವರು ಅಂಗಳದಲ್ಲೇ ನಿಂತು ಕೈ ಬೀಸುತ್ತಿರುತ್ತಾರೆ. ನೀವೂ ಬೀಸಿ.